ಶೇರ್ವಾನಿ ಗುಂಡಿಯ ನಾನ್‌ಖಟಾಯಿ

ನಮ್ಮ ಮನೆಯ ನಡುವೆ ಗೋಡೆ ಎದ್ದ ವರ್ಷ ದಾದಿಯ ಕಾಲು ನಮ್ಮ ಪಾಲಿಗೆ ಬಂತು, ತಲೆ ಚಾಚಾನ ಪಾಲಿಗೆ ಹೋಯಿತು. ಇದರಲ್ಲಿ ನನ್ನ ಒಗ್ಗರಣೆ ಏನೂ ಇಲ್ಲ. ತುಮಕೂರಿನ ಗುಬ್ಬಿ ಗೇಟಿನ ಹತ್ತಿರದ ಗಲ್ಲಿಯಲ್ಲಿ ನಮ್ಮದು ರೈಲಿನ ಹಾಗೆ ಉದ್ದಕ್ಕೆ ಹೋಗುವ ಹೆಂಚಿನ ಮನೆ. ದಾದಿಯ ಇಬ್ಬರು ಗಂಡುಮಕ್ಕಳು, ನಮ್ಮ ಅಬ್ಬಾ ಮತ್ತು ಅವರ ತಮ್ಮ, ಅಂದರೆ ನಮ್ಮ ಚಾಚಾ, ರೇಡಿಯೋ ವಿಷಯಕ್ಕೆ ಜಗಳವಾಡಿದರು. ಅಬ್ಬಾಗೆ ವಾರ್ತೆ ಬೇಕು, ಚಾಚಾಗೆ ಚಿತ್ರಗೀತೆ. ಇಷ್ಟು ಸಣ್ಣ ಜಗಳ ಇಟ್ಟಿಗೆ, ಗಾರೆಯವರೆಗೆ ಹೇಗೆ ಬೆಳೆಯಿತು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಬೇರೆ ಬೇರೆ ಕಥೆಗಳಿವೆ. ಕೇಳುವವರ ಮುಖ ನೋಡಿಕೊಂಡು ಒಂದನ್ನು ಹೇಳುತ್ತೇನೆ. ಗೋಡೆಯನ್ನು ಮನೆಯ ಉದ್ದಕ್ಕೇ ಎಬ್ಬಿಸಿದ್ದರಿಂದ ನಮ್ಮ ಪಾಲು ಎಷ್ಟು ಕಿರಿದಾಯಿತೆಂದರೆ, ಎದುರಿನಿಂದ ಅಬ್ಬಾ ಬಂದರೆ ನಾನು ಅಡುಗೆ ಮನೆಯವರೆಗೆ ಹಿಂದು ಹಿಂದಕ್ಕೇ ನಡೆಯಬೇಕಾಗಿತ್ತು. ಕೋಳಿಗಳನ್ನು ಹಂಚಿಕೊಂಡರು, ಕೊಡಗಳನ್ನು ಹಂಚಿಕೊಂಡರು, ಹಿತ್ತಲಿನ ನುಗ್ಗೆ ಮರದ ಕೊಂಬೆಗಳನ್ನೂ ಹಂಚಿಕೊಂಡರು. ಮುಂದಿನ ಜಗಲಿಯೊಂದನ್ನು ಮಾತ್ರ ಹಂಚಲಾಗಲಿಲ್ಲ, ಏಕೆಂದರೆ ಗಾರೆಯವನು ಅಲ್ಲಿಗೆ ಬರುವ ಹೊತ್ತಿಗೆ ದಾದಿ ತನ್ನ ಮಂಚ ಹಾಕಿಕೊಂಡು ಮಲಗಿಬಿಟ್ಟಿದ್ದರು. ಎರಡು ಬಾಗಿಲುಗಳ ನಡುವೆ ಅಡ್ಡಲಾಗಿ, ತಲೆ ಚಾಚಾನ ಹೊಸ್ತಿಲ ಕಡೆ, ಕಾಲು ನಮ್ಮ ಹೊಸ್ತಿಲ ಕಡೆ.

ನಮ್ಮ ಅಮ್ಮಿಗೆ ಈ ಕಾಲಿನ ವಿಷಯ ನುಂಗಲಾರದ ತುತ್ತಾಯಿತು. ಹಿರಿ ಸೊಸೆಗೆ ಕಾಲು, ಕಿರಿ ಸೊಸೆಗೆ ತಲೆಯೇ ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅದು ದಾದಿಯ ಕಿವಿಗೆ ಬಿದ್ದ ದಿನ ದಾದಿ ದಿಂಬನ್ನು ಈ ಕಡೆಗೆ ಹಾಕಿಕೊಂಡರು. ಆಗ ಗೋಡೆಯ ಆಚೆಯಿಂದ ಚಾಚಿ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. ಕೊನೆಗೆ ದಾದಿ ಮಲಗುವುದನ್ನೇ ಬಿಟ್ಟು ಗೋಡೆಗೆ ಒರಗಿ ಕೂತು ನಿದ್ದೆ ಮಾಡಲು ಶುರು ಮಾಡಿದರು.

ದಾದಿ ಗುಬ್ಬಿ ಕಡೆಯ ಹಾಗಲವಾಡಿಯವರು. ರಾಗಿ ಹೊಲದ ಮಧ್ಯೆ, ಮನೆಯಿಂದ ಹೊರಗೆ ಕನ್ನಡ ಬಿಟ್ಟು ಬೇರೆ ಮಾತೇ ಕಿವಿಗೆ ಬೀಳದ ಕಡೆ ಬೆಳೆದವರು. ಅವರು ನಮಾಜು ಮಾಡುವುದು ಅರಬ್ಬಿಯಲ್ಲಿ, ಅಳುವುದು ಉರ್ದುವಿನಲ್ಲಿ, ಬೈಯುವುದು ಮಾತ್ರ ಅಪ್ಪಟ ಕನ್ನಡದಲ್ಲಿ. ಕುಣಿಗಲ್ಲಿನ ಅಮ್ಮಿಯ ಬಾಯಲ್ಲೂ ಕನ್ನಡವೇ ಹೆಚ್ಚು. ಹಾಗಾಗಿ ನಮ್ಮ ಮನೆಯ ಜಗಳಗಳೆಲ್ಲ ಕನ್ನಡದಲ್ಲೇ ನಡೆಯುತ್ತಿದ್ದವು. ಗಲ್ಲಿಯ ಯಾರಿಗೂ ಅರ್ಥವಾಗಲಿಲ್ಲ ಎಂಬ ಕೊರತೆ ಇರಲಿಲ್ಲ. ನನಗಂತೂ ದಾದಿ ಎಂದರೆ ಪ್ರಾಣ. ಊರಿಗೆಲ್ಲ ನಾನು ಬಾಯಿಬಡುಕಿ; ದಾದಿಯೊಬ್ಬರೇ ನನ್ನ ಮಾತು ಕೇಳಲಿಕ್ಕೆಂದೇ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದವರು. ನಾನು ಸ್ಕೂಲಿನಿಂದ ಬಂದು ಚೀಲ ಇಡುವ ಮೊದಲೇ ಕೇಳುತ್ತಿದ್ದರು.

"ಏನಮ್ಮಿ ಶಮ್ಮಿ, ಇವತ್ತು ಇಸ್ಕೂಲಲ್ಲಿ ಏನಾಯ್ತು? ನಿಜವಾದ್ದು ಬ್ಯಾಡ, ಚೆನ್ನಾಗಿರೋದು ಹೇಳು."

ಗೋಡೆ ಏಳುವ ಮೊದಲು ರಂಜಾನ್ ತಿಂಗಳ ಕೊನೆಯ ವಾರವೆಂದರೆ ನಾನ್‌ಖಟಾಯಿಯ ವಾರ. ಕಲಾಯಿ ಹಾಕಿದ ದೊಡ್ಡ ತಾಮ್ರದ ಪರಾತ ಅಟ್ಟದಿಂದ ಇಳಿಯುತ್ತಿತ್ತು. ಅದು ಎಷ್ಟು ದೊಡ್ಡದೆಂದರೆ ಸಣ್ಣವಳಿದ್ದಾಗ ನನ್ನನ್ನು ಅದರಲ್ಲಿ ಕೂರಿಸಿ ಸ್ನಾನ ಮಾಡಿಸಿ, ಪಕ್ಕದಲ್ಲಿ ಇನ್ನೊಬ್ಬಳಿಗೂ ಜಾಗ ಇರುತ್ತಿತ್ತಂತೆ. ಆ ಇನ್ನೊಬ್ಬಳು ನಸ್ಸು, ಚಾಚಾನ ಮಗಳು, ನನ್ನದೇ ಕ್ಲಾಸು, ನನ್ನದೇ ಬೆಂಚು. ಜಗಲಿಯ ಮೇಲೆ ಚಾಪೆ ಹಾಸಿ ಅಮ್ಮಿ ಪರಾತದ ಮುಂದೆ ಕೂತು ಡಾಲ್ಡಾ ಮತ್ತು ಪುಡಿ ಸಕ್ಕರೆಯನ್ನು ಅಂಗೈಯಿಂದ ಉಜ್ಜುತ್ತಿದ್ದಳು. ಉಜ್ಜಿ ಉಜ್ಜಿ ಅದು ಬೆಳ್ಳಗೆ, ನೊರೆಯಂತೆ ಹಗುರಾಗಬೇಕು. ಒಂದು ಚಿಟಿಕೆ ತೆಗೆದು ನೀರಿನ ಬಟ್ಟಲಿಗೆ ಬಿಟ್ಟರೆ ತೇಲಬೇಕು. ಅಮ್ಮಿಯ ಎಡಗಡೆ ಚಾಚಿ ಜರಡಿ ಹಿಡಿದು ಮೈದಾ, ಚಿರೋಟಿ ರವೆ ಜರಡಿ ಆಡುತ್ತಿದ್ದಳು. ಹಿಂದೆ ದಾದಿ ಮಂಚದ ಮೇಲೆ. ರೋಜಾ ಉಪವಾಸ ಇದ್ದಿದ್ದರಿಂದ ಯಾರೂ ನಾಲಿಗೆಗೆ ಹಚ್ಚಿ ನೋಡುವ ಹಾಗಿಲ್ಲ, ಎಲ್ಲ ಕೈಯ ಲೆಕ್ಕ. ಈ ನಾನ್‌ಖಟಾಯಿಗೆ ಗಲ್ಲಿಯಲ್ಲಿ "ದಾದಿ ಕೈದು" ಎಂದೇ ಹೆಸರು. ಬಾಯಿಗೆ ಇಟ್ಟರೆ ಅಗಿಯುವ ಕೆಲಸವೇ ಇಲ್ಲ. ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮನವರು ಹಲ್ಲು ಸೆಟ್ಟನ್ನು ತೆಗೆದಿಟ್ಟು ತಿನ್ನುತ್ತಿದ್ದರು, ಗೌರವಕ್ಕೆ.

ಹಿಟ್ಟನ್ನು ಡಬರಿಯಲ್ಲಿ ಹೊತ್ತು ಬೇಕರಿಗೆ ಒಯ್ಯುವುದು ನನ್ನ ಮತ್ತು ನಸ್ಸುವಿನ ಕೆಲಸ. ಹಾಸನದ ಕಡೆಯಿಂದ ಬಂದ ರಂಗಣ್ಣನ ಬೇಕರಿಯಲ್ಲಿ ಸೌದೆ ಭಟ್ಟಿ ಇತ್ತು. ಬೆಳಗಿನ ಬ್ರೆಡ್ಡು, ಬನ್ನು ಮುಗಿದ ಮೇಲೆ ಭಟ್ಟಿಯ ಬಿಸಿ ಇನ್ನೂ ಇರುವಾಗ ರಂಗಣ್ಣ ನಮ್ಮ ಗಲ್ಲಿಯ ಎಲ್ಲ ಮನೆಗಳ ನಾನ್‌ಖಟಾಯಿ ಸುಟ್ಟುಕೊಡುತ್ತಿದ್ದರು. ಅವರದು ಒಂದೇ ಕಟ್ಟಳೆ: ಹಿಟ್ಟಿಗೆ ಮೊಟ್ಟೆ ಮುಟ್ಟಿಸಿರಬಾರದು. ಅದಕ್ಕೆ ದಾದಿ ಪ್ರತಿವರ್ಷ ಸ್ವತಃ ಬೇಕರಿಗೆ ಬಂದು, ನಮ್ಮ ಕೋಳಿಗಳ ಮೇಲೆ ಆಣೆ ಮಾಡಿ ಹೋಗುತ್ತಿದ್ದರು. ನಾವು ಅಲ್ಲೇ ಮೇಜಿನ ಮೇಲೆ ಉಂಡೆ ಮಾಡಿ, ರಂಗಣ್ಣನ ಕಪ್ಪು ಟ್ರೇಗಳಲ್ಲಿ ಸಾಲಾಗಿ ಇಡುತ್ತಿದ್ದೆವು. ಎಲ್ಲರ ನಾನ್‌ಖಟಾಯಿಯೂ ನೋಡಲಿಕ್ಕೆ ಒಂದೇ ಥರ ಇರುವುದರಿಂದ ಪ್ರತಿ ಮನೆಗೂ ಒಂದು ಗುರುತು ಇರಬೇಕಾಗಿತ್ತು. ಒಬ್ಬರದು ಬೀಗದ ಕೈ, ಒಬ್ಬರದು ಸೋಡಾ ಬಾಟಲಿಯ ಮುಚ್ಚಳ, ದರ್ಜಿಗಳ ಮನೆಯವರದು ಬೆರಳಿಗೆ ಹಾಕುವ ಟೋಪಿ. ನಮ್ಮದು ಅಜ್ಜನ, ಅಂದರೆ ದಾದಾನ, ಮದುವೆ ಶೇರ್ವಾನಿಯ ಹಿತ್ತಾಳೆ ಗುಂಡಿ. ಉಂಡೆಯ ನೆತ್ತಿಗೆ ಒತ್ತಿದರೆ ಒಂದು ಪುಟ್ಟ ಹೂವು ಮೂಡುತ್ತಿತ್ತು. ಮೊದಲ ಉಂಡೆಗೆ ಗುಂಡಿ ಒತ್ತುವವರು ದಾದಿ. ಆಮೇಲೆ "ಇನ್ನು ನೀವು ನೋಡ್ಕೊಳಿ" ಎಂದು ಸೆರಗು ಹೊದ್ದು ಹೊರಟುಬಿಡುತ್ತಿದ್ದರು.

ಪಾಲಾದಾಗ ಪರಾತ ನಮಗೆ ಬಂತು, ಜರಡಿ ಚಾಚಿಗೆ ಹೋಯಿತು. ಗುಂಡಿಗಾಗಿ ಯುದ್ಧವೇ ಆಗುತ್ತಿತ್ತು, ಆದರೆ ಶೇರ್ವಾನಿಗೆ ಒಂದೇ ಗುಂಡಿ ಇರುವುದಿಲ್ಲವಲ್ಲ. ದಾದಿ ಇನ್ನೊಂದು ಕಿತ್ತು ಕೊಟ್ಟರು. ಬೇರೆ ಗುರುತು ಇಟ್ಟುಕೊಳ್ಳಲು ಇಬ್ಬರೂ ತಯಾರಿರಲಿಲ್ಲ. ಗುಂಡಿ ಬಿಟ್ಟವಳು ಮನೆತನ ಬಿಟ್ಟ ಹಾಗೆ! ಹೀಗೆ ಒಂದೇ ಹೂವಿನ ಎರಡು ಮನೆಗಳಾದವು.

ಆ ರಂಜಾನಿನಲ್ಲಿ ದಾದಿ ತನ್ನ ತಗಡಿನ ಟ್ರಂಕನ್ನು ಜಗಲಿಗೆ ತರಿಸಿ, ಬೀಗ ಜಡಿದು, ಮಂಚದ ಕೆಳಗೆ ಇಟ್ಟುಕೊಂಡರು. ಅಬ್ಬಾ ಮತ್ತು ಚಾಚಾ ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದಾಗ ತೀರ್ಮಾನ ಹೇಳಿದರು.

"ಹಬ್ಬದ ದಿನ ಯಾರ ಮನೇಲಿ ನನ್ನ ಕೈ ನಾನ್‌ಖಟಾಯಿ ಇರ್ತದೋ ಆ ಮನೇಲಿ ಇರ್ತೀನಿ. ಎರಡು ಮನೇಲೂ ಇಲ್ಲದಿದ್ರೆ ಹಾಗಲವಾಡಿಗೆ ಹೋಯ್ತೀನಿ, ನನ್ನ ತಮ್ಮ ಅವ್ನೆ. ಬಟ್ಟೆ ಬರೆ ಎಲ್ಲಾ ತುಂಬಿಟ್ಟಿವ್ನಿ. ಈ ಜಗಲೀನೂ ಹಂಚ್ಕೊಳಿ ಬುಡಿ, ಅತ್ಲಾಗೆ."

ಅಬ್ಬಾ ಒಳಗೆ ಹೋಗಿ ರೇಡಿಯೋ ಆಫ್ ಮಾಡಿದರು. ದಾದಿ ಹೋದರೆ ನನ್ನ ಕಥೆಗಳನ್ನು ಕೇಳುವವರು ಯಾರು? ಅಮ್ಮಿಯೋ, ನಾನು ಬಾಯಿ ತೆರೆಯುವ ಮೊದಲೇ "ಅರ್ಧಕ್ಕರ್ಧ ಸುಳ್ಳು" ಎನ್ನುವವಳು. ಅಬ್ಬಾಗೆ ವಾರ್ತೆಯಲ್ಲಿ ಬರದ ಯಾವ ಸುದ್ದಿಯ ಮೇಲೂ ನಂಬಿಕೆ ಇಲ್ಲ.

ಆ ಸಲ ಅಮ್ಮಿ ಒಳಗಿನ ಕೋಣೆಯಲ್ಲಿ ಒಬ್ಬಳೇ ಕೂತು ಹಿಟ್ಟು ಮಾಡಿದಳು. ಗೋಡೆಯ ಆಚೆ ಚಾಚಿಯೂ ಅದೇ ಹೊತ್ತಿಗೆ ಮಾಡುತ್ತಿದ್ದಳು. ಜರಡಿಯ ಸದ್ದು ಕೇಳುತ್ತಿತ್ತು. ನಾನೂ ನಸ್ಸೂ ಒಬ್ಬರ ಹಿಂದೆ ಒಬ್ಬರು, ಗುರುತು ಪರಿಚಯ ಇಲ್ಲದವರ ಹಾಗೆ, ಡಬರಿ ಹೊತ್ತು ಗಲ್ಲಿ ದಾಟಿದೆವು. ತಿರುವು ಕಳೆದದ್ದೇ ತಡ, ಕೈ ಕೈ ಹಿಡಿದುಕೊಂಡೆವು. ನಾವು ಇಬ್ಬರೂ ಟ್ರೇ ತುಂಬುವುದನ್ನು ರಂಗಣ್ಣ ನೋಡುತ್ತ ನಿಂತರು.

"ಇದೇನ್ರಮ್ಮಾ, ಇಬ್ರೂ ಹೂವೇ ಒತ್ತಿದೀರಾ? ಯಾವುದು ಯಾರದು ಅಂತ ಹೆಂಗೆ ಹೇಳೋದು?"

"ಈಗ ನಾವು ಬೇರೆ ಬೇರೆ ರಂಗಣ್ಣ. ಗೋಡೆ ಹಾಕಿದಾರೆ," ಎಂದಳು ನಸ್ಸು.

"ಗೋಡೆ ನಿಮ್ಮ ಮನೇಲಮ್ಮಾ, ನನ್ನ ಭಟ್ಟೀಲಿಲ್ಲ. ಬಲಗಡೆ ಒಬ್ರದು, ಎಡಗಡೆ ಒಬ್ರದು ಇಡ್ತೀನಿ. ನೆನಪಿಟ್ಕೊಳಿ."

ನಾವು ನೆನಪಿಟ್ಟುಕೊಂಡೆವು. ನಾನು ನೆನಪನ್ನು ನಂಬುವವಳೂ ಅಲ್ಲ. ನಮ್ಮ ಒಂದು ಉಂಡೆಗೆ ಸುಮ್ಮನೆ ಚಂದಕ್ಕೆಂದು ಅಕ್ಕಪಕ್ಕ ಮೂರು ಹೂವು ಒತ್ತಿದ್ದೆ. ಟ್ರೇಗಳು ಹೊರಗೆ ಬಂದಾಗ ಆ ಮೂರು ಹೂವಿನದು ನಮ್ಮ ಟ್ರೇಯಲ್ಲೇ ಇತ್ತು. ಆದರೆ ಹೂವುಗಳ ಅವಸ್ಥೆ ನೋಡಬೇಕಿತ್ತು! ನಮ್ಮ ನಾನ್‌ಖಟಾಯಿಗಳು ಕರಗಿ, ಹರಡಿ, ಒಂದಕ್ಕೊಂದು ಕೂಡಿಕೊಂಡು ಸ್ಕೂಲಿನ ಗೋಡೆಯ ಮೇಲಿನ ಜಿಲ್ಲಾ ನಕ್ಷೆಯ ಹಾಗೆ ಕಾಣುತ್ತಿದ್ದವು. ಗುಬ್ಬಿ ಎಲ್ಲಿ ಮುಗಿಯಿತು, ಕುಣಿಗಲ್ ಎಲ್ಲಿ ಶುರುವಾಯಿತು ಹೇಳುವ ಹಾಗಿರಲಿಲ್ಲ. ನಸ್ಸುವಿನವು ಇಟ್ಟಲ್ಲಿಂದ ಒಂದು ಕೂದಲಷ್ಟೂ ಅಲುಗಿರಲಿಲ್ಲ. ಒಂದು ಕೆಳಗೆ ಬಿತ್ತು, ಗೋಲಿಯಂತೆ ಉರುಳಿ ರಸ್ತೆ ದಾಟಿ ಹೋಯಿತು.

ರಂಗಣ್ಣ ಮೆಲ್ಲಗೆ ಅಂದರು, "ಬಿಸಿ ಎಲ್ಲಾರಿಗೂ ಒಂದೇನೆ ಕಣ್ರಮ್ಮಾ."

ಸಂಜೆ ರೋಜಾ ಬಿಟ್ಟಾಗ ಅಮ್ಮಿ ಡಬ್ಬ ತೆರೆದಳು. ಅಬ್ಬಾ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ಯಾವ ಕಡೆಯಿಂದ ಶುರು ಮಾಡೋದು?" ಎಂದರು. ಅಮ್ಮಿ ಒಂದು ಚೂರು ಬಾಯಿಗಿಟ್ಟಳು. ಅದು ಅಂಗುಳಿಗೆ ಅಂಟಿಕೊಂಡಿತು. ಬಿಡಿಸಿಕೊಂಡು ಅವಳು ಆಡಿದ ಮೊದಲ ಮಾತು ಇದು:

"ಇದು ನನ್ನದಲ್ಲ. ಟ್ರೇ ಬದಲಾಗಿದೆ. ಇದು ಆ ಮುಮ್ತಾಜಳ ಕೈ!"

ಮುಮ್ತಾಜ್ ಎಂದರೆ ಚಾಚಿ. ಗೋಡೆಯ ಆಚೆ ಮೌನವಾಗಿತ್ತು. ಅಮ್ಮಿ ಆ ಮೌನದ ಕಡೆ ಬೆರಳು ತೋರಿಸಿದಳು.

"ಕೇಳು, ಮಾತೇ ಇಲ್ಲ. ನನ್ನ ನಾನ್‌ಖಟಾಯಿ ಬಾಯಲ್ಲಿಟ್ಕೊಂಡು ಯಾರಿಗಾದ್ರೂ ಮಾತು ಬರ್ತದಾ?"

ಆ ಮೌನದ ಅಸಲು ಸಂಗತಿಯನ್ನು ನಸ್ಸು ಆಮೇಲೆ ಹೇಳಿದಳು. ಚಾಚಾ ಬಾಯೊಳಗೆ ಬೆರಳಿಟ್ಟು ಹಲ್ಲು ಅಲ್ಲಾಡುತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದರಂತೆ. ಚಾಚಿ ಅದೇ ಹೊತ್ತಿಗೆ ಅವರ ಕಿವಿಗೆ ಬಾಯಿಟ್ಟು, "ಇದು ನನ್ನದಲ್ಲ, ಭಾಬಿ ಕೈದು, ನನ್ನದೆಲ್ಲಾ ಆ ಕಡೆ ಹೋಗಿದೆ," ಎನ್ನುತ್ತಿದ್ದಳಂತೆ. ನಾನು ಮೂರು ಹೂವಿನ ಚೂರನ್ನು ಹುಡುಕಿ ಬಾಯಿಗೆ ಹಾಕಿಕೊಂಡೆ. ಸಾಕ್ಷಿ ಅಷ್ಟು ರುಚಿಯಾಗಿರಲಿಲ್ಲ, ಆದರೂ ಪೂರ್ತಿ ತಿಂದೆ. ಟ್ರೇ ಬದಲಾಗಿಲ್ಲ ಎಂದು ಗೊತ್ತಾದರೆ ಎರಡು ಮನೆಯಲ್ಲೂ ದಾದಿಯ ಕೈ ಇಲ್ಲ ಎಂದಾಯಿತು. ದಾದಿ ಹಾಗಲವಾಡಿಗೆ ಹೊರಟಂತೆಯೇ.

ಮಾರನೆಯ ಬೆಳಗ್ಗೆ ಅಮ್ಮಿ, ಚಾಚಿ ಇಬ್ಬರೂ ಡಬ್ಬ ಹಿಡಿದು ಜಗಲಿಗೆ ಬಂದರು. ತಿಂಗಳುಗಟ್ಟಲೆ ಮುಖ ನೋಡದವರು ಈಗಲೂ ನೋಡಲಿಲ್ಲ. ಟ್ರೇ ಬದಲಾಗಿದೆ ಎಂದು ಇಬ್ಬರೂ ದಾದಿಗೆ ಹೇಳುವ ಹಾಗೆ ಒಬ್ಬರಿಗೊಬ್ಬರು ಹೇಳಿಕೊಂಡರು. ದಾದಿ ನನ್ನನ್ನೂ ನಸ್ಸುವನ್ನೂ ಕರೆದರು.

"ಬೇಕರೀಲಿ ಏನಾಯ್ತು ಹೇಳಮ್ಮಿ."

ನಿಜವಾದದ್ದು ಬೇಕೋ ಚೆನ್ನಾಗಿರುವುದು ಬೇಕೋ ಎಂದು ಅವರು ಹೇಳಲಿಲ್ಲ. ನಾನೇ ಆರಿಸಿಕೊಂಡೆ.

"ಕರೆಂಟ್ ಹೋಯ್ತು ದಾದಿ. ಭಟ್ಟಿ ಹತ್ರ ಕತ್ತಲೋ ಕತ್ತಲು. ರಂಗಣ್ಣ ಎರಡು ಕೈಲೂ ಟ್ರೇ ಎತ್ಕೊಂಡು ನಿಂತಿದ್ರು. ಅಷ್ಟರಲ್ಲಿ ಒಂದು ನಾಯಿ ನುಗ್ತು. ಎಮ್ಮೆ ಕರು ಅಷ್ಟು ದಪ್ಪ! ನಾಯಿ ಆ ಕಡೆ ಹಾರ್ತು, ರಂಗಣ್ಣ ಈ ಕಡೆ ಹಾರಿದ್ರು. ಪಾಪ, ಅವರದೇನೂ ತಪ್ಪಿಲ್ಲ. ಲೈಟ್ ಬಂದಾಗ ಬಲಗಡೇದು ಎಡಗಡೆ, ಎಡಗಡೇದು ಬಲಗಡೆ."

"ಯಾವ ಬಣ್ಣ ನಾಯಿ?"

"ಕಪ್ಪು," ಎಂದೆ ನಾನು. "ಬಿಳಿ," ಎಂದಳು ನಸ್ಸು, ಅದೇ ಉಸಿರಿನಲ್ಲಿ.

"ಪಟ್ಟೆ ಪಟ್ಟೆ ದಾದಿ," ಎಂದೆ.

ಅಮ್ಮಿಗಾಗಲಿ ಚಾಚಿಗಾಗಲಿ ನಾಯಿಯ ಬಣ್ಣ ಬೇಕಾಗಿರಲಿಲ್ಲ. "ನಾನು ಹೇಳ್ಲಿಲ್ವಾ!" ಎಂದು ಇಬ್ಬರೂ ಒಟ್ಟಿಗೇ ಅಂದರು. ದಾದಿ ಎಲೆಗೆ ಸುಣ್ಣ ಹಚ್ಚುವವರ ಹಾಗೆ ಬೆರಳಾಡಿಸಿ, ರೋಜಾ ನೆನಪಾಗಿ ನಿಲ್ಲಿಸಿದರು.

"ಸರಿ ಹಂಗಾದ್ರೆ. ಡಬ್ಬ ಬದಲಾಯಿಸ್ಕೊಳಿ. ನಿಮ್ಮ ನಿಮ್ಮದು ನಿಮಗೆ ಬಂತು, ಜಗಳ ಮುಗೀತು."

ಇದನ್ನು ನಾನು ಯೋಚಿಸಿರಲಿಲ್ಲ. ಡಬ್ಬಗಳು ದಾದಿಯ ಮಂಚದ ಮೇಲಿಂದ ಆ ಕಡೆ ಈ ಕಡೆ ಹೋದವು. ಅಮ್ಮಿ ಗೆದ್ದವಳ ಮುಖ ಮಾಡಿಕೊಂಡು ಮುಚ್ಚಳ ತೆಗೆದಳು, ಒಳಗೆ ಗೋಲಿಗಳು. ಚಾಚಿ ಮುಚ್ಚಳ ತೆಗೆದಳು, ಒಳಗೆ ನಕ್ಷೆ. ಇಬ್ಬರೂ ನೋಡುತ್ತ ನಿಂತರು. ಬೇಡ, ಮೊದಲಿನದೇ ನನ್ನದು ಎನ್ನುವ ಹಾಗಿಲ್ಲ. ಇದು ನನ್ನದು ಎನ್ನುವ ಹಾಗೂ ಇಲ್ಲ. ದಾದಿ ಎರಡೂ ಡಬ್ಬದೊಳಗೆ ಬಗ್ಗಿ ನೋಡಿದರು. ಆಮೇಲೆ ಕಾಲಿನಿಂದ ಮಂಚದ ಕೆಳಗಿನ ಟ್ರಂಕನ್ನು ಮುಂದಕ್ಕೆ ತಳ್ಳಿದರು.

"ಎರಡೂ ನನ್ನ ಕೈ ಅಲ್ಲ. ಶಮ್ಮಿ, ಗುಬ್ಬಿ ಬಸ್ಸು ಎಷ್ಟೊತ್ತಿಗಮ್ಮಿ?"

"ಇವತ್ತು ಬಸ್ಸಿಲ್ಲ ದಾದಿ. ಟೈರು ಪಂಕ್ಚರ್. ಎಲ್ಲಾ ಬಸ್ಸಿಂದೂ."

ಯಾರೂ ನಗಲಿಲ್ಲ. ಅಮ್ಮಿ ಡಬ್ಬವನ್ನು ಕೆಳಗಿಟ್ಟಳು. "ಅಮ್ಮಾ, ಹೋಗ್ಬೇಡಿ. ಇನ್ನೊಂದು ಸಲ ಮಾಡ್ತೀನಿ," ಎಂದಳು. "ನಾನೂ ಮಾಡ್ತೀನಿ ಅಮ್ಮಾ," ಎಂದಳು ಚಾಚಿ.

"ಇಲ್ಲೇ ಮಾಡಿ. ನನ್ನ ಕಣ್ಮುಂದೆ. ಮೊದಲು ದೊಡ್ಡವಳು, ಆಮೇಲೆ ಚಿಕ್ಕವಳು. ಯಾರ ಕೈ ಎಂಗೈತೆ ನಾನೂ ನೋಡ್ತೀನಿ."

ಇರುವುದು ಒಂದೇ ಪರಾತ, ಒಂದೇ ಜರಡಿ. ಅಮ್ಮಿ ಪರಾತ ತಂದು ಮೊದಲು ಕೂರುತ್ತಿದ್ದ ಜಾಗದಲ್ಲೇ ಕೂತಳು. ಚಾಚಿ ತನ್ನ ಸರದಿ ಬರುವವರೆಗೆ ಮೈದಾ ಜರಡಿ ಹಿಡಿದಿಟ್ಟುಕೊಳ್ಳೋಣ ಎಂದು ಎಡಗಡೆ ಕೂತಳು, ಮುಖ ರಸ್ತೆ ಕಡೆ ಮಾಡಿ. ಅಮ್ಮಿ ಉಜ್ಜತೊಡಗಿದಳು. ಬಿಸಿಲು ಜಗಲಿಯ ಅಂಚಿಗೆ ಬಂದಿತ್ತು. ಅವಳ ಬಳೆಗಳು ಮೊಣಕೈಯವರೆಗೆ ಏರಿ ಇಳಿಯುತ್ತಿದ್ದವು, ಹಣೆಯ ಬೆವರನ್ನು ತೋಳಿಗೆ ಒರೆಸಿಕೊಳ್ಳುತ್ತಿದ್ದಳು. ನಾನು ನೀರಿನ ಬಟ್ಟಲು ಹಿಡಿದು ನಿಂತಿದ್ದೆ. ಒಂದು ಚಿಟಿಕೆ ಬಿಟ್ಟಳು, ಮುಳುಗಿತು. ಮತ್ತೆ ಉಜ್ಜಿದಳು. ಮತ್ತೊಂದು ಬಿಟ್ಟಳು, ತೇಲಿತು. ಅಲ್ಲಿಗೆ ಅಮ್ಮಿಯ ಕೈ ನಿಂತಿತು. ಮುಂದೆ ಮೈದಾ ಹಾಕಬೇಕು. ಎಷ್ಟು ಹಾಕಬೇಕು? ಅವಳು ಪರಾತವನ್ನು ನೋಡಿದಳು, ಮೈದಾ ಕಡೆ ನೋಡಿದಳು. ಆಮೇಲೆ ನೋಡದೆ, ಯೋಚಿಸದೆ, ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಮಾಡುತ್ತಿದ್ದ ಹಾಗೆಯೇ, ಪರಾತವನ್ನು ಎಡಗಡೆಗೆ ತಳ್ಳಿಬಿಟ್ಟಳು.

ಚಾಚಿ ರಸ್ತೆ ನೋಡುತ್ತಲೇ ಪರಾತವನ್ನು ಮಂಡಿಯಿಂದ ತಡೆದು, ಮೈದಾ ಸುರಿದು, ಬೆರಳಾಡಿಸಿ, ಇನ್ನೊಂದು ಹಿಡಿ ಸುರಿದು, ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿ ನೋಡಿದಳು. ಆಗ ಅವಳಿಗೆ ತಾನೇನು ಮಾಡುತ್ತಿದ್ದೇನೆ ಎಂದು ಗೊತ್ತಾಯಿತು. ಅಮ್ಮಿಗೂ ಗೊತ್ತಾಯಿತು. ಒಬ್ಬಳ ಕೈ ಪರಾತದ ಈ ಅಂಚಿನಲ್ಲಿ, ಒಬ್ಬಳ ಕೈ ಹಿಟ್ಟಿನಲ್ಲಿ, ಇಬ್ಬರೂ ಹಾಗೇ ಇದ್ದುಬಿಟ್ಟರು. ಅಷ್ಟು ವರ್ಷ ಒಂದೇ ಜಗಲಿಯಲ್ಲಿ ಕೂತರೂ ಅಮ್ಮಿ ಒಂದು ಹಿಡಿ ಮೈದಾ ಹಾಕಿದವಳಲ್ಲ, ಚಾಚಿ ಒಂದು ಸುತ್ತು ಡಾಲ್ಡಾ ಉಜ್ಜಿದವಳಲ್ಲ. ಇನ್ನು ದಾದಿ? ಪರಾತಕ್ಕೆ ಅವರು ಕೈ ಹಾಕಿದ್ದನ್ನೇ ನಾನು ನೋಡಿರಲಿಲ್ಲ, ಗುಂಡಿ ಒತ್ತಿದ್ದಷ್ಟೇ. ನಾನು ಹಿಂದೆ ತಿರುಗಿ ದಾದಿಯನ್ನು ನೋಡಿದೆ. ದಾದಿ ಹೆಂಚಿನ ಸಂದಿಯಲ್ಲಿ ಗುಬ್ಬಚ್ಚಿ ಹುಡುಕುತ್ತಿದ್ದರು.

ಕೊನೆಗೆ ಚಾಚಿಯೇ ಬಾಯಿಬಿಟ್ಟಳು. "ಭಾಬಿ, ಇನ್ನೊಂಚೂರು ಉಜ್ಜಬೇಕಿತ್ತು."

"ನೀನು ಮೊದಲು ಮೈದಾ ನೆಟ್ಟಗೆ ಜರಡಿ ಹಿಡಿ. ಹುಳ ಗಿಳ ಇದ್ದಾತು," ಎಂದಳು ಅಮ್ಮಿ.

"ನಮ್ಮನೆ ಮೈದಾದಲ್ಲಿ ಹುಳ ಇಲ್ಲ ಭಾಬಿ."

"ನಮ್ಮನೇಲಿದೆಯೇನೇ ಹಂಗಾದ್ರೆ?"

ಹೀಗೆ ಶುರುವಾದ ಮಾತು ಹಿಟ್ಟು ಮುಗಿಯುವವರೆಗೆ ನಿಲ್ಲಲಿಲ್ಲ. ತಿಂಗಳುಗಟ್ಟಲೆ ಕೂಡಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಇಬ್ಬರೂ ಒಂದೇ ಪರಾತಕ್ಕೆ ಸುರಿದರು. ಪುಟ್ಟಲಕ್ಷ್ಮಮ್ಮನವರು ಕೇಳಿಸುತ್ತಿಲ್ಲವೆಂದು ತಮ್ಮ ಕುರ್ಚಿಯನ್ನೇ ಹೊರಗೆ ತಂದು ಹಾಕಿಕೊಂಡರು. ನಾನೂ ನಸ್ಸೂ ಒಂದೇ ಡಬರಿಯನ್ನು ಎರಡು ಕಿವಿ ಹಿಡಿದು ಬೇಕರಿಗೆ ಒಯ್ದೆವು. ರಂಗಣ್ಣ ಕೇಳಿದರು, "ಇದು ಯಾವ ಮನೇದಮ್ಮಾ?"

"ಜಗಲೀದು ರಂಗಣ್ಣ," ಎಂದಳು ನಸ್ಸು.

ಹಬ್ಬದ ಬೆಳಗ್ಗೆ ಗಂಡಸರು ನಮಾಜಿಗೆ ಹೋಗಿ ಬಂದ ಮೇಲೆ, ದಾದಿ ಜಗಲಿಯಲ್ಲಿ ಕೂತು ನಾನ್‌ಖಟಾಯಿಯನ್ನು ಚಹಾದಲ್ಲಿ ಅದ್ದದೆ ಹಾಗೆಯೇ ಬಾಯಿಗಿಟ್ಟುಕೊಂಡರು. ಅಬ್ಬಾ, ಚಾಚಾ, ಅಮ್ಮಿ, ಚಾಚಿ, ಎಲ್ಲರೂ ಅವರ ಗಂಟಲನ್ನೇ ನೋಡುತ್ತಿದ್ದರು. ದಾದಿ ನುಂಗಿದರು. "ಹೂಂ," ಎಂದರು. ಅಷ್ಟೇ. ಚಾಚಾ ಕಣ್ಣೊರೆಸಿಕೊಂಡರು. ಅಬ್ಬಾ ಹಬ್ಬಕ್ಕಾದರೂ ಇರಲಿ ಎಂದು ಚಿತ್ರಗೀತೆ ಹಾಕಿದರು. ಗೋಡೆ ಹಾಗೇ ಇತ್ತು, ಮುಂದೂ ಹಾಗೇ ಇತ್ತು. ಆದರೆ ಅವತ್ತಿನಿಂದ ಪರಾತ ಜಗಲಿಯಲ್ಲೇ ಮಂಚದ ಹಿಂದೆ ಗೋಡೆಗೆ ಒರಗಿಕೊಂಡು ನಿಂತಿತು, ಜರಡಿ ಅದರ ಮೇಲಿನ ಮೊಳೆಗೆ ಬಂತು.

ಜನ ಬಂದು ಹೋಗುವುದು ಮುಗಿದ ಮೇಲೆ ದಾದಿ ನನ್ನನ್ನು ಕರೆದರು. ಉಳಿದ ನಾನ್‌ಖಟಾಯಿ ಡಬ್ಬವನ್ನು ಹುಡುಗರ ಕಣ್ಣಿಗೆ ಬೀಳದಂತೆ ಟ್ರಂಕಿನಲ್ಲಿ ಇಡಬೇಕಂತೆ. "ಎತ್ತಿ ಮಂಚದ ಮೇಲಿಡಮ್ಮಿ," ಎಂದರು. ಅವರ ಸಂಸಾರವೆಲ್ಲ ತುಂಬಿದ ಟ್ರಂಕು ಎಂದು ನಾನು ಕಾಲು ಅಗಲಿಸಿ, ಉಸಿರು ಬಿಗಿಹಿಡಿದು, ಪೂರ್ತಿ ಬಲ ಹಾಕಿ ಎತ್ತಿದೆ. ಟ್ರಂಕು ಗಾಳಿಪಟದ ಹಾಗೆ ಮೇಲೆ ಬಂತು, ನಾನು ಅದನ್ನು ತಬ್ಬಿಕೊಂಡು ಹಿಂದಕ್ಕೆ ಬಿದ್ದೆ. ದಾದಿ ಸೊಂಟದ ಬೀಗದ ಕೈಯಿಂದ ಮುಚ್ಚಳ ತೆರೆದರು. ಒಂದು ಸೀರೆ ಇಲ್ಲ, ಒಂದು ರವಿಕೆ ಇಲ್ಲ. ತಳದಲ್ಲಿ ಗುಂಡಿ ಕಿತ್ತ ದಾದಾನ ಶೇರ್ವಾನಿ ಒಂದೇ ಮಡಚಿಕೊಂಡು ಮಲಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ದಾದಿ ಒಂದು ನಾನ್‌ಖಟಾಯಿ ತೆಗೆದು ಆ ಬಾಯಿಗೆ ತುರುಕಿದರು. ಡಬ್ಬವನ್ನು ಶೇರ್ವಾನಿಯ ಮೇಲೆ ಇಟ್ಟು, ಬೀಗ ಹಾಕಿ, ಎರಡು ಸಲ ಎಳೆದು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಬೇಕರಿ ಕಥೇಲಿ ಕತ್ತಲೆ ಚೆನ್ನಾಗಿತ್ತು ಕಣಮ್ಮಿ. ಕರೆಂಟು ಎಲ್ಲಾರ ಮನೇಲೂ ಹೋಯ್ತದೆ, ನಂಬ್ತಾರೆ. ಮುಂದಿನ ಸಲಿ ನಾಯಿ ಬ್ಯಾಡ."